ಅಧ್ಯಾಯಕ್ಕೆ ಏಳು ಹೂಂ

“ಇದನ್ನ ನಾನು ಬರೀಲಿಲ್ಲ ಅಂದ್ರೆ ಮತ್ಯಾರು ಬರೆದ್ರು?”

ಅನನ್ಯಾ ಕೇಳಿದ್ದು ಯಾರನ್ನೂ ಅಲ್ಲ. ದಿಲ್ಲಿಯ ಕಿದ್ವಾಯಿ ನಗರದ ಆ ಸರ್ಕಾರಿ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಪಕ್ಕದಲ್ಲಿ ಅರ್ಧ ತಿಂದ ಉಪ್ಪಿಟ್ಟು ಆರಿಹೋಗಿತ್ತು. ಬಾಲ್ಕನಿಯಲ್ಲಿ ತುಳಸಿ ಕುಂಡದ ಮಣ್ಣು ಕೆದಕುತ್ತಿದ್ದ ಅವಳ ತಾತ ಚಂದ್ರಮೋಹನರು ಅಭ್ಯಾಸಬಲದಿಂದ “ಹೂಂ” ಅಂದರು.

ಅಭ್ಯಾಸವೆಂದರೆ ಸಣ್ಣಪುಟ್ಟದಲ್ಲ, ಎಪ್ಪತ್ತು ವರ್ಷದ್ದು. ಅವರ ತಾಯಿ ದಿನಾ ದೀಪ ಹಚ್ಚಿದ ಮೇಲೆ ಕಾವ್ಯ ಓದುತ್ತಿದ್ದರು. ಓದುವವರ ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು, ಇಲ್ಲದಿದ್ದರೆ ಓದು ಸಾಗದು. ಆ ಕೆಲಸ ಆರು ವರ್ಷದ ಚಂದ್ರಮೋಹನನಿಗೆ ಬಿದ್ದಿತ್ತು. ಮನೆಯ ನಿಯಮ ಎರಡೇ. ಕಿವಿಗೆ ಬಿದ್ದದ್ದು ಒಳಗೆ ಇಳಿದರೆ ಮಾತ್ರ ಹೂಂ ಅನ್ನಬೇಕು. ಹೂಂ ಬರದಿದ್ದರೆ ಓದುವವರು ಅಲ್ಲಿಗೇ ನಿಲ್ಲಿಸಬೇಕು. ಕೇಳುವವನಿಗೆ ನಿದ್ದೆ ಬಂದಿರಬೇಕು, ಇಲ್ಲವೇ ಓದಿನಲ್ಲಿ ಏನೋ ತಪ್ಪಿರಬೇಕು. ಎರಡರಲ್ಲಿ ಯಾವುದೇ ಆದರೂ ಓದು ಮುಂದುವರಿಸುವುದು ಮರ್ಯಾದೆಯಲ್ಲ.

ಮುಂದೆ ಅವರು ದಿಲ್ಲಿಗೆ ಬಂದರು, ಒಂದು ಸಚಿವಾಲಯದಲ್ಲಿ ಮೂವತ್ತೆಂಟು ವರ್ಷ ಕಡತ ನೋಡಿದರು, ನಿವೃತ್ತರಾದರು, ಹೆಂಡತಿ ತೀರಿಕೊಂಡ ಮೇಲೆ ಮಗಳು ಸರಳಾಳ ಸರ್ಕಾರಿ ಮನೆಗೆ ಬಂದು ಸೇರಿಕೊಂಡರು. ಹೂಂಗುಟ್ಟುವುದು ಮಾತ್ರ ನಿಲ್ಲಲಿಲ್ಲ. ಪೀತಮ್‌ಪುರದ ಗಿರಿಜಮ್ಮನವರ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಕಾವ್ಯವಾಚನ. ಎಂಬತ್ತೊಂದರ ಗಿರಿಜಮ್ಮ ಪುಸ್ತಕ ಬಿಡಿಸುವ ಮುಂಚೆ ಕೇಳುವುದು ಒಂದೇ ಮಾತು: “ಚಂದ್ರಮೋಹನ ಬಂದ್ನಾ?”

“ತಾತ, ಹೂಂ ಅನ್ನಬೇಡಿ, ಇಲ್ಲಿ ಬನ್ನಿ,” ಎಂದಳು ಅನನ್ಯಾ. “ನನ್ನ ಥೀಸಿಸ್ಸು ತೊಂಬತ್ತೆರಡು ಪರ್ಸೆಂಟ್ ಮಷೀನು ಬರೆದದ್ದಂತೆ.”

ಅವಳು ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಳು. ಥೀಸಿಸ್ಸು ಸರ್ಕಾರಿ ಕಾಲೊನಿಗಳ ಮರದ ಕೆಳಗೆ ಬಟ್ಟೆ ಇಸ್ತ್ರಿ ಮಾಡುವವರ ಮೇಲೆ. ತಮ್ಮದೇ ಬ್ಲಾಕಿನ ಬೇವಿನ ಮರದ ಕೆಳಗಿನ ಮುನ್ನಿ ದೀದಿ ಐವತ್ತು ಮನೆಗಳ ಬಟ್ಟೆಯನ್ನು ಒಂದು ಚೀಟಿಯೂ ಇಲ್ಲದೆ ಹೇಗೆ ನೆನಪಿಡುತ್ತಾಳೆ ಎಂದು ಅನನ್ಯಾ ಎಂಟು ತಿಂಗಳು ಪಕ್ಕದಲ್ಲಿ ಕೂತು ಬರೆದಿದ್ದಳು. ಮುನ್ನಿ ದೀದಿ ಮನೆಮನೆಯ ಬಟ್ಟೆಯನ್ನು ಒಂದೇ ರಾಗದಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: ನೀಲಿ ಗಂಟು, ಇಂಥವರ ಮನೆ, ಕುರ್ತಾ ಇಷ್ಟು, ಚಾದರ ಇಷ್ಟು, ಹಸಿರು ಗಂಟು, ಇಂಥವರ ಮನೆ, ಕುರ್ತಾ ಇಷ್ಟು, ಚಾದರ ಇಷ್ಟು. ಅನನ್ಯಾ ಅದನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದಳು. ವಿಶ್ವವಿದ್ಯಾಲಯದ ಪತ್ತೆದಾರಿ ಸಾಫ್ಟ್‌ವೇರು ಷರಾ ಹಾಕಿತ್ತು: ಒಂದೇ ಧಾಟಿ, ಪುನರಾವೃತ್ತಿ, ಆದ್ದರಿಂದ ಯಂತ್ರ.

“ಎಲ್ಲಾ ಅಧ್ಯಾಯಕ್ಕೂ ಹಾಗೇ ಅಂದಿದೆಯಾ?” ಎಂದು ಚಂದ್ರಮೋಹನರು ಕೇಳಿದರು.

“ಎರಡನೇದು ಬಿಟ್ಟು,” ಎಂದಳು ಅನನ್ಯಾ, ಲ್ಯಾಪ್‌ಟಾಪ್ ಮುಚ್ಚುತ್ತ. “ಅದು ನೂರಕ್ಕೆ ನೂರು ಮನುಷ್ಯರು ಬರೆದದ್ದಂತೆ.”

ಅವಳಿಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಜುಲೈ ಒಂದಕ್ಕೆ ಹಾಜರಾಗಬೇಕು, ಹಾಜರಾಗಲು ಡಿಗ್ರಿಯ ಕಾಗದ ಬೇಕು. ಥೀಸಿಸ್ಸು ಹಿಂದಕ್ಕೆ ಪಡೆದರೆ ಮತ್ತೆ ಸಲ್ಲಿಸುವುದು ಮುಂದಿನ ವರ್ಷ. ಸಲ್ಲಿಸಿದ ಪ್ರತಿಯಲ್ಲಂತೂ ಒಂದು ಅಲ್ಪವಿರಾಮವನ್ನೂ ತಿದ್ದುವಂತಿಲ್ಲ. ಉಳಿದ ದಾರಿ ಒಂದೇ, ವಿಶ್ವವಿದ್ಯಾಲಯದ ‘ಸ್ವಂತಿಕೆ ಕೋಶ’ದ ಮುಂದೆ ಹಾಜರಾಗಿ ಥೀಸಿಸ್ಸನ್ನು ಗಟ್ಟಿಯಾಗಿ ಓದಿ, ಇದು ನನ್ನದೇ ಎಂದು ಮನವರಿಕೆ ಮಾಡಿಕೊಡುವುದು. ಮನೆಯವರೊಬ್ಬರು ಜೊತೆಗಿರಬಹುದು.

“ನಂಗೆ ರಜೆ ಇಲ್ಲಪ್ಪಾ, ಪಾರ್ಲಿಮೆಂಟ್ ಪ್ರಶ್ನೆಗೆ ಉತ್ತರ ಕಳಿಸ್ಬೇಕು,” ಎಂದಳು ಸರಳಾ. “ನೀವೇ ಹೋಗ್ಬನ್ನಿ. ಸುಮ್ನೆ ಕೂತಿದ್ರೆ ಸಾಕು.”

ಸುಮ್ಮನೆ ಕೂರುವುದು ಅವರಿಂದ ಆಗದೆ ಇದ್ದದ್ದೇ ಎಲ್ಲಕ್ಕೂ ಮೂಲವಾಯಿತು.

ಸ್ವಂತಿಕೆ ಕೋಶ ಇದ್ದದ್ದು ಎರಡನೇ ಮಹಡಿಯ ಒಂದು ಕೋಣೆಯಲ್ಲಿ. ಅದರ ಮುಖ್ಯಸ್ಥ ಹೃಷಿಕೇಶ್, ಹಾಸನದ ಕಡೆಯ ನಲವತ್ತರ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಪಕ್ಕದಲ್ಲಿ ಸಹಾಯಕ ಯಶವಂತ್. ಅನನ್ಯಾ ಇಂಗ್ಲಿಷಿನಲ್ಲಿ ಮೊದಲ ಅಧ್ಯಾಯ ಓದತೊಡಗಿದಳು. ಇಸ್ತ್ರಿಪೆಟ್ಟಿಗೆಯ ಕೆಂಡ ಆರದಂತೆ ಮುನ್ನಿ ದೀದಿ ಊದುವ ಜಾಗ ಬಂದಾಗ ಹಿಂದಿನ ಕುರ್ಚಿಯಿಂದ ಒಂದು ಹೂಂ ಕೇಳಿಸಿತು. ಹೃಷಿಕೇಶ್ ತಲೆಯೆತ್ತಿ ನೋಡಿದ. ನೀಲಿ ಗಂಟಿನ ಜಾಗದಲ್ಲಿ ಇನ್ನೊಂದು. ಹಸಿರು ಗಂಟಿಗೆ ಮತ್ತೊಂದು. ಎರಡನೆಯ ಅಧ್ಯಾಯ, ಅಂದರೆ ಈ ವಿಷಯದ ಮೇಲೆ ಹಿಂದಿನವರು ಏನೇನು ಬರೆದಿದ್ದಾರೆ ಎಂಬ ಅವಲೋಕನ, ಶುರುವಾದದ್ದೇ ಕೋಣೆ ನಿಶ್ಶಬ್ದವಾಯಿತು. ಹತ್ತು ಪುಟ ಹೂಂ ಇಲ್ಲ. ಮೂರನೆಯ ಅಧ್ಯಾಯದ ಮೊದಲ ಸಾಲಿಗೇ ಮತ್ತೆ ಹೂಂ.

“ಸರ್,” ಎಂದ ಹೃಷಿಕೇಶ್, ಓದನ್ನು ತಡೆದು, “ಅದೇನು ಮಾಡ್ತಿದೀರಿ?”

“ಕ್ಷಮಿಸಿ. ಅಭ್ಯಾಸ. ಕೇಳ್ತಿದ್ದೆ.”

“ಪೂರ್ತಿ ಕೇಳಿದ್ರಾ?”

“ಮತ್ತೆ? ಅವಳು ಓದ್ತಿದಾಳಲ್ಲ.”

ಹೃಷಿಕೇಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಎರಡು ವರ್ಷದಿಂದ ಆ ಕೋಣೆಯಲ್ಲಿ ಯಾರೂ ಯಾರದನ್ನೂ ಕೇಳಿರಲಿಲ್ಲ. ವಿದ್ಯಾರ್ಥಿಗಳು ಯಂತ್ರದಿಂದ ಬರೆಸುತ್ತಿದ್ದರು, ಅಧ್ಯಾಪಕರು ಯಂತ್ರದಿಂದ ಅಂಕ ಹಾಕಿಸುತ್ತಿದ್ದರು, ಬರೆದದ್ದು ಯಂತ್ರವೋ ಅಲ್ಲವೋ ಎಂದು ಮೂರನೆಯ ಯಂತ್ರ ಹೇಳುತ್ತಿತ್ತು. ಒಂದು ಸಂಜೆ ಬೇಸರಕ್ಕೆ ಹೃಷಿಕೇಶ್ ತನ್ನದೇ ಮದುವೆಯ ಆಮಂತ್ರಣ ಪತ್ರಿಕೆಯನ್ನು ಆ ಸಾಫ್ಟ್‌ವೇರಿಗೆ ಹಾಕಿ ನೋಡಿದ್ದ. ನೂರಕ್ಕೆ ನೂರು ಯಂತ್ರ ಅಂದಿತ್ತು. ಅದನ್ನು ಬರೆದವರು ಅವನ ಸೋದರಮಾವ, ಹನ್ನೊಂದು ವರ್ಷದ ಹಿಂದೆ, ಪೋಸ್ಟ್‌ಕಾರ್ಡಿನ ಹಿಂಬದಿಯಲ್ಲಿ.

“ಸರ್, ನೀವು ದಿನಾ ಬರ್ತೀರಾ?” ಎಂದು ಕೇಳಿಯೇಬಿಟ್ಟ.

“ನೋಡಪ್ಪ, ಯಾವ್ದು ಯಂತ್ರ ಬರೆದದ್ದು, ಯಾವ್ದು ಮನುಷ್ಯ ಬರೆದದ್ದು, ನಂಗೊತ್ತಾಗಲ್ಲ. ಒಳಗಿಳಿದ್ರೆ ಹೂಂ ಬರತ್ತೆ, ಇಲ್ಲದಿದ್ರೆ ಇಲ್ಲ. ಅಷ್ಟೇ.”

“ಸಾಫ್ಟ್‌ವೇರಿಗೂ ಗೊತ್ತಾಗಲ್ಲ ಸರ್. ಆದ್ರೆ ಅದು ಒಪ್ಕೊಳ್ಳಲ್ಲ. ನೀವು ಒಪ್ಕೋತಿದೀರಿ.”

ಹೀಗೆ ಚಂದ್ರಮೋಹನರು ಎಪ್ಪತ್ತಾರನೆಯ ವಯಸ್ಸಿನಲ್ಲಿ ‘ಗೌರವ ಶ್ರೋತೃ’ಗಳಾದರು. ಕೊರಳಿಗೆ ಫೋಟೊ ಇದ್ದ ಗುರುತಿನ ಕಾರ್ಡು ಬಂತು. ಹಳೆಯ ಪ್ರೊಜೆಕ್ಟರುಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ ಒಂದು ಮೆತ್ತನೆಯ ಕುರ್ಚಿ ಹಾಕಿಸಿದರು. ಅನನ್ಯಾಳ ವಿಚಾರಣೆ, ಶ್ರೋತೃ ಅವಳ ತಾತನೇ ಆದ್ದರಿಂದ, ಎಲ್ಲರದ್ದಾದ ಮೇಲೆ ಕೊನೆಗೆ ಎಂದು ತೀರ್ಮಾನವಾಯಿತು. ಜೂನ್ ಮೂವತ್ತರೊಳಗೆ ಮುಗಿಸಿಕೊಡುವುದಾಗಿ ಹೃಷಿಕೇಶ್ ಮಾತು ಕೊಟ್ಟ.

ಮೊದಲ ವಾರವೇ ನಿಯಮಾವಳಿ ಹೊರಬಿತ್ತು. ಅಧ್ಯಾಯವೊಂದಕ್ಕೆ ಕನಿಷ್ಠ ಏಳು ಹೂಂ ಬಂದರೆ ಸ್ವಂತದ್ದು. ನಾಲ್ಕರಿಂದ ಆರು ಬಂದರೆ ಮರುಶ್ರವಣ. ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ತಿರಸ್ಕೃತ. ಜಪ ಮಾಡುವವರು ಬೆರಳಿಗೆ ಹಾಕಿಕೊಂಡು ಒತ್ತುವ ಪುಟ್ಟ ಎಣಿಕೆಯಂತ್ರವೊಂದನ್ನು ಯಶವಂತ್ ತಂದುಕೊಂಡ. ಪ್ರತಿ ಹೂಂಗೂ ಟಕ್. ಓದು ಮುಗಿದ ಮೇಲೆ ಚಂದ್ರಮೋಹನರು ಹಾಳೆಯ ಅಂಚಿನಲ್ಲಿ ಸಚಿವಾಲಯದ ಹಳೆಯ ರೂಢಿಯಂತೆ ‘ಕೇಳಲಾಯಿತು’ ಎಂದು ಬರೆದು ಪುಟ್ಟ ಸಹಿ ಹಾಕುತ್ತಿದ್ದರು.

ಕೋಣೆಯ ಮುಂದೆ ಸಾಲು ಬೆಳೆಯಿತು. ಪೃಥ್ವಿ ಎಂಬ ಹುಡುಗ, ಕಾಮರ್ಸ್‌ನವನು, ಮೆಟ್ರೊ ಪಾರ್ಕಿಂಗಿನಲ್ಲಿ ಕಳುವಾದ ತನ್ನ ಹೆಲ್ಮೆಟ್ಟಿನ ಬಗ್ಗೆ ತಪ್ಪುತಪ್ಪು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹನ್ನೆರಡು ಹೂಂ ತೆಗೆದುಕೊಂಡು ಹೋದ. ಚಿನ್ನದ ಪದಕದ ಹುಡುಗಿಯೊಬ್ಬಳು ‘ಭಾರತೀಯ ಮಾರುಕಟ್ಟೆಯ ಭವಿಷ್ಯ’ ಓದಿದಳು. ಭವಿಷ್ಯ ಮುಗಿಯುವವರೆಗೂ ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

ತಾತನಿಗೆ ಅಜ್ಜಿಯರ ಕಥೆ ಇಷ್ಟವಂತೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಮಾರನೆಯ ದಿನದಿಂದ ಎಲ್ಲರ ಬರಹಗಳಲ್ಲೂ ಅಜ್ಜಿ ಬಂದಳು. ರಾಸಾಯನಿಕ ಗೊಬ್ಬರದ ವರದಿಯಲ್ಲಿ ಅಜ್ಜಿ, ಸೇತುವೆಯ ನಕ್ಷೆಯಲ್ಲಿ ಅಜ್ಜಿ. ನಲವತ್ತು ಜನರ ಅಜ್ಜಿಯರೂ ಒಂದೇ ಹಿತ್ತಾಳೆ ಲೋಟದಲ್ಲಿ ಹಾಲು ಕುಡಿದು, ಕಿಟಕಿಯಾಚೆ ನೋಡಿ, ಒಂದೇ ಮಾತು ಹೇಳಿ ಕಣ್ಣು ಮುಚ್ಚಿದರು. ಚಂದ್ರಮೋಹನರಿಗೆ ನಿಜವಾಗಿಯೂ ದುಃಖವಾಯಿತು, ಆದರೆ ಹೂಂ ಬರಲಿಲ್ಲ. ಮನೆಗೆ ಬಂದು ಸರಳಾಳಿಗೆ ಹೇಳಿದರು, “ಇವತ್ತೂ ಏಳು ಅಜ್ಜಿಯರು ಹೋದ್ರಮ್ಮ. ಸ್ನಾನಕ್ಕೆ ನೀರು ಕಾಯಿಸು.”

ಆಮೇಲೆ ಗಂಟಲಿನ ಪ್ರಕರಣ. ಎಂ.ಬಿ.ಎ.ಯ ಒಬ್ಬ ಓದುವಾಗ ಚಂದ್ರಮೋಹನರು ಗಂಟಲು ಸರಿಮಾಡಿಕೊಂಡರು. ಅದು ಹೂಂ ಅಲ್ಲವೆಂದು ಯಶವಂತ್ ಒತ್ತಲಿಲ್ಲ. ಹುಡುಗ ಮೇಲ್ಮನವಿ ಹಾಕಿದ. ಮೂವರು ಪ್ರೊಫೆಸರುಗಳ ಸಮಿತಿ ಆ ಸದ್ದಿನ ಧ್ವನಿಮುದ್ರಣವನ್ನು ಒಂದು ಇಡೀ ಮಧ್ಯಾಹ್ನ ಮತ್ತೆ ಮತ್ತೆ ಕೇಳಿ, ಕೊನೆಗೆ ‘ಅರ್ಧ ಹೂಂ’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಸಮಿತಿಯ ತೀರ್ಪನ್ನು ಬರೆದದ್ದು ಯಂತ್ರ. ತೀರ್ಪನ್ನು ಚಂದ್ರಮೋಹನರ ಮುಂದೆ ಓದಿದರು. ಅವರು ‘ಕೇಳಲಾಯಿತು’ ಎಂದು ಬರೆದರು.

ಇಷ್ಟರಲ್ಲಿ ಜೂನ್ ಕೊನೆ ಬಂದೇಬಂತು. ಅನನ್ಯಾಳ ವಿಚಾರಣೆ ಸೋಮವಾರ ಎಂದಾಯಿತು. ಅದರ ಹಿಂದಿನ ಶನಿವಾರ ಅವಳೇ ತಾತನನ್ನು ಪೀತಮ್‌ಪುರಕ್ಕೆ ಕರೆದುಕೊಂಡು ಹೊರಟಳು. ಯಾವತ್ತೂ ಬರದವಳು. ಕಶ್ಮೀರಿ ಗೇಟಿನಲ್ಲಿ ಮೆಟ್ರೊ ಬದಲಿಸಿ ಕೂತ ಮೇಲೆ, ಮೊಬೈಲಿನ ಮೇಲೆ ಕಣ್ಣಿಟ್ಟುಕೊಂಡೇ ಅಂದಳು:

“ತಾತ, ಸೆಕೆಂಡ್ ಚಾಪ್ಟರ್ ಇದೆಯಲ್ಲ.”

“ಗೊತ್ತು.”

“ಏನು ಗೊತ್ತು?”

“ನೀನು ಹೇಳೋದು.”

ಅನನ್ಯಾ ಮೊಬೈಲನ್ನು ತೊಡೆಯ ಮೇಲಿಟ್ಟಳು. “ಟೈಮ್ ಇರ್ಲಿಲ್ಲ ತಾತ. ಅರವತ್ತು ಪುಸ್ತಕ ಓದ್ಬೇಕಿತ್ತು, ಎರಡೇ ದಿನ ಇತ್ತು. ಸಬ್ ಕರ್ತೇ ಹೈಂ, ಎಲ್ರೂ ಮಾಡ್ತಾರೆ. ಮಷೀನಿಗೆ ಹೇಳ್ದೆ, ಅದು ಬರೀತು. ಉಳಿದದ್ದೆಲ್ಲ ನಂದೇ.”

“ಉಳಿದದ್ದು ನಿಂದೇ ಅಂತ ನಂಗೊತ್ತು.”

“ಹಾಗಾದ್ರೆ ಏಳೇ ಏಳು ಹೂಂ. ಮಧ್ಯೆ ಮಧ್ಯೆ. ಯಾರಿಗೆ ಗೊತ್ತಾಗತ್ತೆ?”

“ಹೂಂ ಅನ್ನೋದು ನಾನಲ್ಲ ಕಣೆ. ಅದು ತಾನಾಗೇ ಬರಬೇಕು.”

“ಚಲೋ, ನಾಲ್ಕು. ಮರುಶ್ರವಣಕ್ಕಾದ್ರೂ ಹೋಗತ್ತೆ,” ಎಂದಳು, ತರಕಾರಿಯ ಸಬ್ಜಿ ಭಯ್ಯಾನ ಹತ್ತಿರ ಕೊತ್ತಂಬರಿಗೆ ಚೌಕಾಶಿ ಮಾಡುವವಳಂತೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಮುಖ ತಿರುಗಿಸಿಕೊಂಡಳು. ಅವಳ ಮೊಬೈಲಿನಲ್ಲಿ ಕೆಲಸದ ಪತ್ರ ತೆರೆದೇ ಇತ್ತು. ಜುಲೈ ಒಂದು ಎಂಬ ತಾರೀಕು ಇಷ್ಟು ದೊಡ್ಡದಾಗಿ ಕಾಣುತ್ತಿತ್ತು, ಕನ್ನಡಕವಿಲ್ಲದೆ ಅವರಿಗೂ ಓದಲು ಬಂತು.

ಗಿರಿಜಮ್ಮನವರ ಮನೆಯಲ್ಲಿ ಆ ಸಂಜೆ ಎಂಟು ಜನ. ಗಿರಿಜಮ್ಮ ತಮ್ಮ ತಾಯಿಯಿಂದ ಬಾಯಿಪಾಠವಾಗಿ ಬಂದ, ಎಲ್ಲೂ ಅಚ್ಚಾಗದ ಒಂದು ಕಥನವನ್ನು ಎತ್ತಿಕೊಂಡಿದ್ದರು. ಕೊಳದ ನೀರಿಗಿಳಿದ ರಾಜಕುಮಾರಿಯ ಕೈಯಿಂದ ಉಂಗುರ ಜಾರುವ ಜಾಗ. ಚಂದ್ರಮೋಹನರ ಕಣ್ಣ ಮುಂದೆ ಉಂಗುರವಿರಲಿಲ್ಲ, ಜುಲೈ ಒಂದು ಇತ್ತು. ಉಂಗುರ ಇನ್ನೂ ಬೆರಳಿನಲ್ಲೇ ಇರುವಾಗ ಅವರ ಬಾಯಿಂದ ಹೂಂ ಬಂದುಬಿಟ್ಟಿತು.

ಗಿರಿಜಮ್ಮ ನಿಲ್ಲಿಸಿದರು. ತಾಳ ಹಾಕುತ್ತಿದ್ದ ಕೈ ಹಾಗೇ ಮೇಲೆ ಉಳಿಯಿತು.

“ಎಲ್ಲಿಗೆ ಹೋಗಿದ್ದೆ, ಚಂದ್ರಮೋಹನ?”

“ತಪ್ಪಾಯ್ತು ಗಿರಿಜಮ್ಮನವರೇ.”

“ಉಂಗುರ ಬೀಳೋಕ್ಕೆ ಮುಂಚೆ ಹೂಂ ಅಂದ್ರೆ ನಾನು ಯಾರಿಗೆ ಹೇಳ್ಲಿ? ಈ ಗೋಡೆಗಾ?” ಎಂದು ಅವರು ಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಬಾಗಿಲ ಬಳಿ ಮೊಬೈಲು ನೋಡುತ್ತ ಕೂತಿದ್ದ ಅನನ್ಯಾ ಆಗ ತಲೆಯೆತ್ತಿದಳು. ಎರಡನೆಯ ಸಲ ಉಂಗುರ ನೀರಿಗೆ ಬಿದ್ದಾಗ ಬಂದ ಹೂಂ ಬೇರೆಯೇ ಇತ್ತು. ಎಂಟು ಜನರಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಸೋಮವಾರ ಕೋಣೆಯಲ್ಲಿ ಒಂದು ಹೊಸ ವ್ಯವಸ್ಥೆ ಕಾದಿತ್ತು. ಶ್ರೋತೃವಿಗೂ ಓದುವವಳಿಗೂ ಸಂಬಂಧವಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣಬಾರದು ಎಂದು ಹೃಷಿಕೇಶ್ ಆರೋಗ್ಯ ಕೇಂದ್ರದಿಂದ ಹಸಿರು ಪರದೆಯ ಚೌಕಟ್ಟೊಂದನ್ನು ತರಿಸಿ ನಡುವೆ ನಿಲ್ಲಿಸಿದ್ದ.

“ಆ ಕಡೆ ಯಾರಿದಾರೆ ಅಂತ ನಿಮಗೆ ಗೊತ್ತಿಲ್ಲ ಸರ್,” ಎಂದು ಅಧಿಕೃತವಾಗಿ ತಿಳಿಸಿದ.

“ಆಯ್ತಪ್ಪ,” ಎಂದರು ಚಂದ್ರಮೋಹನರು. “ಅವಳಿಗೆ ಸ್ವಲ್ಪ ನೀರು ಕೊಡಿ. ಬೆಳಗ್ಗೆಯಿಂದ ಏನೂ ಕುಡಿದಿಲ್ಲ.”

ಓದು ಶುರುವಾಯಿತು. ಮೊದಲ ಅಧ್ಯಾಯಕ್ಕೆ ಹದಿಮೂರು ಹೂಂ. ಯಶವಂತ್‌ನ ಹೆಬ್ಬೆರಳು ಖುಷಿಯಿಂದ ಕುಣಿಯಿತು. ಹಾಳೆ ತಿರುವಿದ ಸದ್ದು. ಎರಡನೆಯ ಅಧ್ಯಾಯ.

ಚಂದ್ರಮೋಹನರು ಕಣ್ಣು ಮುಚ್ಚಿ ಕೇಳಿದರು. ಪ್ರಾಮಾಣಿಕವಾಗಿಯೇ ಕೇಳಿದರು. ವಾಕ್ಯಗಳು ನುಣ್ಣಗಿದ್ದವು, ಒಂದರ ಹಿಂದೆ ಒಂದು ಬಂದು ಸಲಾಮು ಹೊಡೆದು ಹೋಗುತ್ತಿದ್ದವು. ಒಂದು ಕಡೆ ಹೀಗಿದೆ, ಇನ್ನೊಂದು ಕಡೆ ಹಾಗಿದೆ, ಎರಡನ್ನೂ ಸಮತೋಲನದಿಂದ ನೋಡಬೇಕಾಗಿದೆ. ಎಲ್ಲೂ ಉಸಿರು ತೆಗೆದುಕೊಳ್ಳುವ ಜಾಗವಿರಲಿಲ್ಲ. ಪರದೆಯಾಚೆಯ ದನಿ ಮಾತ್ರ ಅವರದ್ದೇ ಮನೆಯದು. ಮೂರು ವರ್ಷದವಳಾಗಿದ್ದಾಗ ಜ್ವರ ಬಂದು, ತಾತ ಹೂಂ ಅನ್ನು, ತಾತ ಹೂಂ ಅನ್ನು ಎಂದು ತೊದಲುತ್ತ ಬೆಕ್ಕಿನ ಕಥೆ ಹೇಳಿದ ದನಿ. ನಾಲ್ಕು ಪುಟ ಕಳೆಯಿತು. ಐದನೆಯ ಪುಟ. ಅವಳು ಪ್ರತಿ ವಾಕ್ಯದ ಕೊನೆಗೆ ತುಸು ನಿಂತು ಕಾಯುತ್ತಿದ್ದಾಳೆಂದು ಅವರಿಗೆ ತಿಳಿಯಿತು.

ಅಮ್ಮ, ಇದೊಂದು ಸಲ ಎಂದು ಮನಸ್ಸಿನಲ್ಲೇ ತಾಯಿಗೆ ಕೈಮುಗಿದರು. ಎಪ್ಪತ್ತು ವರ್ಷದಲ್ಲಿ ತಿಳಿದೂ ತಿಳಿದೂ ಒಂದು ಸುಳ್ಳು ಹೂಂ ಅನ್ನದವರು, ಮುಂದಿನ ವಾಕ್ಯ ಇನ್ನೂ ಅರ್ಧದಲ್ಲಿರುವಾಗಲೇ ಬಾಯಿ ತೆರೆದರು.

“ಹೂಂ.”

ಟಕ್ ಎಂದಿತು ಯಶವಂತ್‌ನ ಯಂತ್ರ.

ಪರದೆಯಾಚೆ ಓದು ನಿಂತಿತು.

ಹೃಷಿಕೇಶ್ ಪರದೆಯ ಕಡೆ ತಿರುಗಿದ. “ಓದಮ್ಮ,” ಎಂದ. “ಹೂಂ ಬಂತಲ್ಲ.”

“ಬರ್ಲಿಲ್ಲ ಸರ್.”

“ಯಶವಂತ್ ಒತ್ತಿದಾರೆ, ನೋಡು, ಒಂದು ಅಂತ ತೋರಿಸ್ತಿದೆ.”

“ಅದು ಲೆಕ್ಕಕ್ಕಿಲ್ಲ.” ಪರದೆ ಸ್ವಲ್ಪ ಅಲುಗಿತು. “ತಾತ, ಎಲ್ಲಿಗೆ ಹೋಗಿದ್ರಿ?”

ಚಂದ್ರಮೋಹನರು ಕೊರಳಿನ ಗುರುತಿನ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು, ಅದು ಜಾರಿ ನೆಲಕ್ಕೆ ಬಿತ್ತು.

ಹೃಷಿಕೇಶ್ ಎದ್ದು ಪರದೆಯ ಅಂಚಿಗೆ ಹೋಗಿ ನಿಂತ. ದನಿ ತಗ್ಗಿಸಿ, ಮನೆಯ ಹಿರಿಯಣ್ಣನಂತೆ ಹೇಳಿದ. “ನೋಡಮ್ಮ, ಇದಕ್ಕೆ ಸಾಫ್ಟ್‌ವೇರು ನೂರಕ್ಕೆ ನೂರು ಕೊಟ್ಟಾಗಿದೆ. ಶ್ರೋತೃಗಳು ಶುರು ಮಾಡಿದಾರೆ. ಇನ್ನು ಆರೇ ಆರು. ಇಲ್ಲಿಗೆ ನಿಲ್ಲಿಸಿದ್ರೆ ನೀನೇ ವಾಪಸು ತಗೊಂಡ ಹಾಗೆ, ಒಂದು ವರ್ಷ ಹೋಗತ್ತೆ, ಕೆಲಸಾನೂ ಹೋಗತ್ತೆ. ಉಳಿದಿರೋದು ಐದು ಪುಟ. ಯೋಚ್ನೆ ಮಾಡ್ಬೇಡ, ಸುಮ್ನೆ ಓದ್ಬಿಡು. ದಯವಿಟ್ಟು.”

ಹಾಳೆಗಳನ್ನು ಜೋಡಿಸಿ ಮೇಜಿಗೆ ಕುಟ್ಟಿ ಸಮ ಮಾಡುವ ಸದ್ದು ಕೇಳಿಸಿತು. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು.

“ಇದನ್ನ ನಾನು ಬರೀಲಿಲ್ಲ,” ಎಂದಳು ಅನನ್ಯಾ. “ಓದಲ್ಲ ಸರ್.”